ಎಸ್‌ವಿಎನ್‌ನಿಂದ ಗಿಟ್‌ಗೆ: ಹಳೇ ಕಮಿಟ್‌ಗಳನ್ನು ಏನು ಮಾಡಬೇಕು?

ಪ್ರಶ್ನೆ: ನಮ್ಮದು ಎಂಟು ಜನರ ತಂಡ. 2003ರಲ್ಲಿ ಸಿವಿಎಸ್‌ನಲ್ಲಿ ಶುರುವಾಗಿ, 2006ಕ್ಕೆ ಸಬ್‌ವರ್ಷನ್‌ಗೆ (ಎಸ್‌ವಿಎನ್) ಬಂದ ಕೋಡ್ ಇದೆ. ಗಿಟ್ ಹಾಗೆ ಇವೂ ಕೋಡ್‌ನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ಟೂಲ್‌ಗಳು. ಈಗ ಸುಮಾರು 18,000 ರಿವಿಷನ್ (ದಾಖಲಾದ ಬದಲಾವಣೆ, ಗಿಟ್‌ನಲ್ಲಿ ಕಮಿಟ್) ಆಗಿವೆ. ಗಿಟ್‌ಗೆ ಹೋಗಬೇಕು ಅಂತ ತೀರ್ಮಾನ ಆಗಿದೆ. ಆದರೆ ಹಿಸ್ಟರಿ ತುಂಬಾ ಗಲೀಜು. 'ಫಿಕ್ಸ್', 'ಮತ್ತೆ ಫಿಕ್ಸ್' ಅನ್ನೋ ಮೆಸೇಜ್‌ಗಳೇ ಜಾಸ್ತಿ, ಎಷ್ಟೋ ಕಡೆ ಮೆಸೇಜೇ ಇಲ್ಲ. ಇವತ್ತಿನ ಕೋಡ್ ಅನ್ನು ಒಂದೇ ಕಮಿಟ್ ಆಗಿ ಹಾಕಿ ಹೊಸದಾಗಿ ಶುರು ಮಾಡೋಣ ಅಂತ ನಮ್ಮ ಮ್ಯಾನೇಜರ್ ಹೇಳ್ತಾರೆ. ಸಣ್ಣಪುಟ್ಟ ಕಮಿಟ್‌ಗಳನ್ನೆಲ್ಲ ಸ್ಕ್ವಾಶ್ ಮಾಡಿ (ಹಲವನ್ನು ಒಂದಾಗಿಸಿ), ಚೊಕ್ಕ ಮಾಡಿ ತರೋಣ ಅಂತ ನನ್ನ ಆಸೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಹಿಸ್ಟರಿಯನ್ನು ಪೂರ್ತಿ ತನ್ನಿ. ನಿಮ್ಮ ತಂಡದವರು ಕೈಯಾರೆ ಮಾಡಿದ ಕಮಿಟ್‌ಗಳನ್ನು ಇದ್ದ ಹಾಗೇ ಬಿಡಿ, 'ಮತ್ತೆ ಫಿಕ್ಸ್' ಸೇರಿಸಿ. ಎರಡು ಹಳೇ ಟೂಲ್‌ಗಳು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡ ಜೊಳ್ಳು ಬೇರೆ ಇದೆ. ತೂರಬೇಕಾದದ್ದು ಅದನ್ನು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡೋಕೆ ಶುರು ಮಾಡಿದರೆ ನಿಮ್ಮ ಮುಂದಿರುವ ಕೆಲಸ ಅರ್ಧ ಸಲೀಸಾಗುತ್ತದೆ.

ಹೀಗೆ ಯಾಕೆ ಹೇಳ್ತೇನೆ ಅಂದರೆ, ಹಿಂದೊಮ್ಮೆ ನಾನು ಒಂದು ಬಡ್ಡಿ ಲೆಕ್ಕದ ಕೋಡ್ ನೋಡುತ್ತಿದ್ದೆ. ಒಂದು ಸಾಲಿನಲ್ಲಿ ದಿನಗಳ ಎಣಿಕೆಯಿಂದ ಸುಮ್ನೆ ಒಂದನ್ನು ಕಳೆದಿದ್ದರು. ಕಾಮೆಂಟ್ ಇಲ್ಲ, ಕಾರಣ ಇಲ್ಲ. ನೋಡಿದರೆ ತಪ್ಪು ಅಂತಲೇ ಅನ್ನಿಸುತ್ತದೆ. ಯಾವ ಸಾಲನ್ನು ಕೊನೆಗೆ ಯಾವ ಕಮಿಟ್ ಬದಲಾಯಿಸಿತು ಅಂತ ತೋರಿಸೋ ಬ್ಲೇಮ್ ಓಡಿಸಿದೆ. ಕಮಿಟ್ ಮೆಸೇಜ್ 'ಫಿಕ್ಸ್' ಅಂತ ಒಂದೇ ಪದ. ಇದರಿಂದ ಏನು ಗೊತ್ತಾಗುತ್ತೆ ಅನ್ನಿಸಿತು. ಆದರೆ ಅದೇ ಕಮಿಟ್‌ನಲ್ಲಿ ಒಂದು ಟೆಸ್ಟ್ ಫೈಲ್ ಕೂಡ ಬದಲಾಗಿತ್ತು. ಅದರಲ್ಲಿ ಹೊಸದಾಗಿ ಸೇರಿಸಿದ್ದ ತಾರೀಖು ಫೆಬ್ರವರಿ 29. ಅದೇ ವ್ಯಕ್ತಿ ಇಪ್ಪತ್ತು ನಿಮಿಷ ಮುಂಚೆ ಮಾಡಿದ್ದ ಇನ್ನೊಂದು ಕಮಿಟ್‌ನಲ್ಲಿ ಬಗ್ ನಂಬರ್ ಇತ್ತು. ಆ ಎಳೆ ಹಿಡಿದು ಹೋದರೆ ಪೂರ್ತಿ ಕಥೆ ಸಿಕ್ಕಿತು. ಅಧಿಕ ವರ್ಷದಲ್ಲಿ ಒಂದು ದಿನ ಎರಡು ಸಲ ಎಣಿಕೆಗೆ ಬರುತ್ತಿತ್ತಂತೆ. ಆ ಸಾಲನ್ನು ನಾನು 'ಸರಿ' ಮಾಡಿಬಿಟ್ಟಿದ್ದರೆ ಬಗ್ ವಾಪಸ್ ಬರುತ್ತಿತ್ತು.

ಅಲ್ಲಿನ ಇಂಥ ಐವತ್ತು ಸಣ್ಣ ಕಮಿಟ್‌ಗಳನ್ನು ಯಾರಾದರೂ 'ಬಡ್ಡಿ ಲೆಕ್ಕದ ತಿದ್ದುಪಡಿಗಳು' ಅಂತ ಒಂದೇ ಕಮಿಟ್ ಮಾಡಿದ್ದರೆ? ನೋಡೋಕೆ ಚೆನ್ನಾಗಿರುತ್ತಿತ್ತು. ಆದರೆ ಟೆಸ್ಟ್ ಫೈಲಿಗೂ ಆ ಒಂದು ಸಾಲಿಗೂ ಇದ್ದ ನಂಟು ಕಳೆದುಹೋಗುತ್ತಿತ್ತು. ಇಪ್ಪತ್ತು ನಿಮಿಷದ ಸುಳಿವೂ ಹೋಗುತ್ತಿತ್ತು. ಕೆಟ್ಟ ಮೆಸೇಜ್ ಇರುವ ಕಮಿಟ್‌ನಲ್ಲೂ ನಾಲ್ಕು ವಿಷಯ ಸರಿಯಾಗಿಯೇ ಇರುತ್ತವೆ: ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾವ ಸಾಲುಗಳು ಬದಲಾದವು, ಜೊತೆಗೆ ಇನ್ನೇನು ಬದಲಾಯಿತು. ನನ್ನ ಪ್ರಕಾರ ಈ ನಾಲ್ಕೂ ನಂಬುವ ಹಾಗಿದ್ದರೆ ಆ ಹಿಸ್ಟರಿ ಚೊಕ್ಕವಾಗಿದೆ ಅಂತಲೇ ಅರ್ಥ.

ಕಮಿಟ್‌ಗಳು ಜಾಸ್ತಿ ಇದ್ದರೆ ಹುಡುಕೋದು ಕಷ್ಟ ಅನ್ನೋ ಭಯವೂ ಬೇಡ. ಬಗ್ ತಂದ ಕಮಿಟ್ ಹುಡುಕಿಕೊಡೋ ಗಿಟ್ ಬೈಸೆಕ್ಟ್ ಪ್ರತಿ ಸಲ ಅರ್ಧಕ್ಕೆ ಅರ್ಧ ಕತ್ತರಿಸುತ್ತಾ ಹೋಗುತ್ತದೆ. 18,000 ಕಮಿಟ್ ಇದ್ದರೂ ಹೆಚ್ಚೆಂದರೆ ಹದಿನೈದು ಹೆಜ್ಜೆ. ಅದನ್ನೇ ಸ್ಕ್ವಾಶ್ ಮಾಡಿ 1,000ಕ್ಕೆ ಇಳಿಸಿದರೆ ಹತ್ತು ಹೆಜ್ಜೆ. ಐದು ಹೆಜ್ಜೆ ಉಳಿಯಿತು, ಆದರೆ ಕೊನೆಗೆ ನಿಮ್ಮ ಕೈಗೆ ಸಿಗೋದು ನಾಲ್ಕು ಸಾವಿರ ಸಾಲಿನ ಒಂದು ಕಮಿಟ್. ಅದರೊಳಗೆ ಬಗ್ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಬೇಕು.

ಮ್ಯಾನೇಜರ್ ಅವರ ಮಾತಿಗೆ ಬರೋಣ. ಅವರು ಹೇಳೋ ದಾರಿಯಲ್ಲಿ ದೊಡ್ಡವರೇ ನಡೆದಿದ್ದಾರೆ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಅನ್ನು ಗಿಟ್‌ಗೆ ಹಾಕಿದಾಗ ಹಳೇ ಹಿಸ್ಟರಿ ತರಲಿಲ್ಲ. 2.6.12-ಆರ್‌ಸಿ2 ಆವೃತ್ತಿಯ ಕೋಡ್ ಒಂದೇ ಕಮಿಟ್ ಆಗಿ ಬಂತು. ಕಾರಣವನ್ನೂ ಆ ಕಮಿಟ್ ಮೆಸೇಜ್‌ನಲ್ಲೇ ಬರೆದಿದ್ದಾರೆ: ಪೂರ್ತಿ ಹಿಸ್ಟರಿ ತಂದರೆ 3.2 ಜಿಬಿ ಆಗುತ್ತದೆ, ಗಿಟ್‌ನ ಆರಂಭದ ದಿನಗಳಿಗೆ ಅದು ಸುಮ್ನೆ ಭಾರ, ಬೇಕಾದರೆ ಹಳೆಯದಕ್ಕೆ ಪ್ರತ್ಯೇಕ ಆರ್ಕೈವ್ ಆಮೇಲೆ ಮಾಡಬಹುದು ಅಂತ. ಆಗ ಗಿಟ್ ಹುಟ್ಟಿ ಕೆಲವೇ ದಿನ ಆಗಿತ್ತು. ಹಾಗಾಗಿ ಆ ತೀರ್ಮಾನಕ್ಕೆ ಅರ್ಥ ಇತ್ತು. ಆದರೆ ಇವತ್ತಿಗೂ ಕರ್ನಲ್‌ನ ಹಳೇ ಸಾಲುಗಳ ಮೇಲೆ ಬ್ಲೇಮ್ ಓಡಿಸಿದರೆ ಎಲ್ಲವೂ ಆ ಒಂದೇ ಕಮಿಟ್‌ಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಹಿಂದಕ್ಕೆ ಹೋಗಬೇಕು ಅಂದರೆ ಹಳೇ ಹಿಸ್ಟರಿಯ ರಿಪೊ (ಕೋಡ್ ಮತ್ತು ಹಿಸ್ಟರಿಯ ಸಂಗ್ರಹ) ಬೇರೆ ತಂದು, ಗಿಟ್ ರಿಪ್ಲೇಸ್‌ನಿಂದ ಎರಡನ್ನೂ ಬೆಸೆದುಕೊಳ್ಳಬೇಕು. ಆ ಬೆಸುಗೆ ಮಾಮೂಲಿ ಕ್ಲೋನ್ (ರಿಪೊದ ನಕಲು) ಜೊತೆ ಬರೋದಿಲ್ಲ. ಪ್ರತಿಯೊಬ್ಬರೂ ತಮ್ಮ ಮೆಷಿನ್‌ನಲ್ಲಿ ಮಾಡಿಕೊಳ್ಳಬೇಕು. ನಿಮ್ಮ 18,000 ರಿವಿಷನ್ ಗಿಟ್‌ಗೆ ಒಂದು ಭಾರವೇ ಅಲ್ಲ. ಆ ತೊಂದರೆ ನಿಮಗೆ ಯಾಕೆ?

ಈಗ ಜೊಳ್ಳು ಯಾವುದು ಅಂತ ನೋಡೋಣ.

ನಿಮ್ಮ ಕೋಡ್ ಸಿವಿಎಸ್‌ನಿಂದ ಬಂದದ್ದು ಅಂದಿರಿ, ಅಲ್ವಾ? ಸಿವಿಎಸ್‌ನಲ್ಲಿ ಒಂದೊಂದು ಫೈಲಿಗೂ ಬೇರೆ ಬೇರೆ ರಿವಿಷನ್ ನಂಬರ್ ಇರುತ್ತದೆ. ಹತ್ತು ಫೈಲ್ ಒಟ್ಟಿಗೆ ಬದಲಾಯಿಸಿದರೂ ಅದು 'ಒಂದು ಬದಲಾವಣೆ' ಅಂತ ಎಲ್ಲೂ ದಾಖಲಾಗಿರೋದಿಲ್ಲ. ಆಗ ನಿಮ್ಮವರು ಬಳಸಿದ್ದು ಬಹುಶಃ ಸಿವಿಎಸ್‌ಟುಎಸ್‌ವಿಎನ್ ಅನ್ನೋ ಟೂಲ್. ಅದು ಹೆಸರು, ಸಮಯ, ಮೆಸೇಜ್ ಮೂರನ್ನೂ ನೋಡಿ, ಇವೆಲ್ಲ ಒಂದೇ ಕಮಿಟ್ ಇರಬೇಕು ಅಂತ ಊಹಿಸಿ ಗುಂಪು ಮಾಡುತ್ತದೆ. ಟ್ಯಾಗ್ (ಬಿಡುಗಡೆಯ ಗುರುತು), ಬ್ರಾಂಚ್ (ಕೋಡ್‌ನ ಕವಲು) ಹೊಂದಿಸೋಕೆ ತಾನೇ ಕಮಿಟ್‌ಗಳನ್ನು ಹುಟ್ಟಿಸುತ್ತದೆ. 'ಈ ಕಮಿಟ್ ಅನ್ನು ಸಿವಿಎಸ್‌ಟುಎಸ್‌ವಿಎನ್ ತಯಾರಿಸಿದೆ' ಅಂತ ಇಂಗ್ಲಿಷ್‌ನಲ್ಲಿ ಅವುಗಳ ಮೆಸೇಜ್‌ನಲ್ಲೇ ಬರೆದಿರುತ್ತದೆ. ನಿಮ್ಮ ಲಾಗ್‌ನಲ್ಲಿ 2006ಕ್ಕಿಂತ ಹಿಂದೆ ಹೋಗಿ ನೋಡಿ, ರಾಶಿ ಸಿಗಬಹುದು. ಇವನ್ನು ಬರೆದವರು ನಿಮ್ಮ ತಂಡದಲ್ಲಿ ಯಾರೂ ಅಲ್ಲ. ಕೋಡ್ ಬದಲಾವಣೆ ಇಲ್ಲದವನ್ನು ಧಾರಾಳವಾಗಿ ತೆಗೆಯಿರಿ.

ಎರಡನೆಯದು, ಪ್ರಾಪರ್ಟಿ ಮಾತ್ರ ಬದಲಾದ ರಿವಿಷನ್‌ಗಳು. ಇಗ್ನೋರ್ ಪಟ್ಟಿ, ಮರ್ಜ್‌ಇನ್ಫೋ (ಯಾವ ಬ್ರಾಂಚ್‌ನಿಂದ ಏನು ಬಂದು ಸೇರಿತು ಅನ್ನೋ ದಾಖಲೆ) ಇಂಥವೆಲ್ಲ ಸಬ್‌ವರ್ಷನ್‌ನಲ್ಲಿ ಫೈಲಿಗೆ ಇಲ್ಲವೇ ಡೈರೆಕ್ಟರಿಗೆ ಅಂಟಿದ ಪ್ರಾಪರ್ಟಿಗಳು. ಗಿಟ್‌ಗೆ ಇವು ಗೊತ್ತಿಲ್ಲ. ಹಾಗಾಗಿ ಇಂಥ ರಿವಿಷನ್‌ಗಳು ಗಿಟ್‌ಗೆ ಬಂದಾಗ ಖಾಲಿ ಕಮಿಟ್ ಆಗುತ್ತವೆ. ಮೆಸೇಜ್ ಮೇಲೊಮ್ಮೆ ಕಣ್ಣಾಡಿಸಿ, ಬೇಡದವನ್ನು ಬಿಡಿ. ಇಗ್ನೋರ್ ಪಟ್ಟಿಯ ಕೊನೆಯ ರೂಪವನ್ನು ಮಾತ್ರ ಗಿಟ್‌ಇಗ್ನೋರ್ ಫೈಲ್ ಮಾಡಿ ವಲಸೆಯ ನಂತರ ಹೊಸ ಕಮಿಟ್ ಆಗಿ ಹಾಕಿ.

ಮೂರನೆಯದು ಟ್ಯಾಗ್‌ಗಳು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು. ಸಬ್‌ವರ್ಷನ್‌ನಲ್ಲಿ ಟ್ಯಾಗ್ ಅಂದರೆ ಬರೀ ಒಂದು ಡೈರೆಕ್ಟರಿಯ ನಕಲು. ಅದರೊಳಗೆ ಯಾರು ಬೇಕಾದರೂ ಆಮೇಲೆ ಹೋಗಿ ಕಮಿಟ್ ಮಾಡಬಹುದು, ಮಾಡಿಯೂ ಇರುತ್ತಾರೆ. ವಲಸೆ ಮಾಡಿಸೋ ಗಿಟ್ ಎಸ್‌ವಿಎನ್ ಅನ್ನೋ ಟೂಲ್ ಇವನ್ನು ಟ್ಯಾಗ್ ಆಗಿ ತರೋದಿಲ್ಲ, ರಿಮೋಟ್ ಬ್ರಾಂಚ್ ಆಗಿ ತರುತ್ತದೆ. ಪ್ರತಿ ಟ್ಯಾಗ್ ಟ್ರಂಕ್‌ನಿಂದ, ಅಂದರೆ ಮುಖ್ಯ ಕವಲಿನಿಂದ, ಹೊರಕ್ಕೆ ಚಾಚಿದ ಒಂದು ಒಂಟಿ ಕಮಿಟ್ ಆಗಿ ಕಾಣುತ್ತದೆ. ಪ್ರತಿಯೊಂದನ್ನೂ ಹೀಗೆ ನೋಡಿ: ಆ ಒಂಟಿ ಕಮಿಟ್‌ನ ಟ್ರೀ ಹ್ಯಾಶ್ (ಒಳಗಿನ ಎಲ್ಲ ಫೈಲ್‌ಗಳಿಂದ ಲೆಕ್ಕ ಹಾಕಿದ ಗುರುತು) ಮತ್ತು ಅದರ ತಾಯಿ ಕಮಿಟ್‌ನ (ಅದಕ್ಕೆ ಹಿಂದಿನದರ) ಟ್ರೀ ಹ್ಯಾಶ್ ಒಂದೇ ಇದೆಯಾ? ಒಂದೇ ಆಗಿದ್ದರೆ ನಕಲು ಮಾಡಿದ್ದು ಬಿಟ್ಟು ಬೇರೇನೂ ಆಗಿಲ್ಲ. ಗಿಟ್ ಟ್ಯಾಗನ್ನು ನೇರವಾಗಿ ಟ್ರಂಕ್‌ನ ಕಮಿಟ್ ಮೇಲೇ ಇಡಿ, ಒಂಟಿ ಕಮಿಟ್ ಬಿಟ್ಟುಬಿಡಿ. ಬೇರೆ ಬೇರೆ ಇದ್ದರೆ ಅಲ್ಲಿ ಏನೋ ಆಗಿದೆ. ಬಿಡುಗಡೆಯ ರಾತ್ರಿ ಯಾರೋ ಟ್ಯಾಗ್‌ನೊಳಗೇ ಕಾನ್ಫಿಗ್ ಫೈಲ್ ತಿದ್ದಿರಬಹುದು. ಇಲ್ಲವೇ ಅರ್ಧ ಮಾತ್ರ ಅಪ್‌ಡೇಟ್ ಆಗಿದ್ದ ವರ್ಕಿಂಗ್ ಕಾಪಿಯಿಂದ ಟ್ಯಾಗ್ ಮಾಡಿರಬಹುದು. ಅಂಥ ಕಮಿಟ್ ಅನ್ನು ಬಿಡಬೇಡಿ. ಗ್ರಾಹಕರ ಕೈಗೆ ಹೋದದ್ದು ಅದೇ ಕೋಡ್.

ಟ್ಯಾಗ್ ಮಾಡುವಾಗ ಅನೊಟೇಟೆಡ್ ಟ್ಯಾಗ್ (ಹೆಸರು, ತಾರೀಖು, ಮೆಸೇಜ್ ಇರುವ ಟ್ಯಾಗ್) ಮಾಡಿ, ಹಳೇ ತಾರೀಖನ್ನೇ ಕೊಡಿ. ಗಿಟ್_ಕಮಿಟರ್_ಡೇಟ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಆ ತಾರೀಖು ಇಟ್ಟರೆ ಸಾಕು. ಇಲ್ಲದಿದ್ದರೆ ಇಪ್ಪತ್ತು ವರ್ಷದ ಬಿಡುಗಡೆಗಳೆಲ್ಲ ವಲಸೆಯಾದ ದಿನವೇ ಹುಟ್ಟಿದ ಹಾಗೆ ಕಾಣುತ್ತವೆ.

ಇನ್ನು ಹೆಸರುಗಳು. ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಹಾಗಾಗಿ ವಿವರವಾಗಿ ಹೇಳುತ್ತೇನೆ. ಸಬ್‌ವರ್ಷನ್‌ನ ಕಮಿಟ್‌ನಲ್ಲಿ ಇರೋದು ಲಾಗಿನ್ ಹೆಸರು ಮಾತ್ರ. ಗಿಟ್‌ಗೆ ಪೂರ್ತಿ ಹೆಸರೂ ಬೇಕು, ಇಮೇಲೂ ಬೇಕು. ಅದಕ್ಕೆ ಆಥರ್ಸ್ ಫೈಲ್ ಅಂತ ಮಾಡುತ್ತೇವೆ. ಎಡಕ್ಕೆ ಲಾಗಿನ್, ಬಲಕ್ಕೆ ಹೆಸರು ಮತ್ತು ಇಮೇಲ್. ಎಸ್‌ವಿಎನ್ ಲಾಗ್ ಅನ್ನು ಕ್ವಯಟ್ ಆಯ್ಕೆ ಕೊಟ್ಟು ಓಡಿಸಿದರೆ ಪ್ರತಿ ರಿವಿಷನ್‌ಗೂ ಒಂದೊಂದು ಸಾಲು ಬರುತ್ತದೆ. ಅದರಿಂದ ಲಾಗಿನ್‌ಗಳ ಪಟ್ಟಿ ತೆಗೆಯೋದು ಎರಡು ನಿಮಿಷದ ಕೆಲಸ. ಪಟ್ಟಿಯಲ್ಲಿ ಇಲ್ಲದ ಲಾಗಿನ್ ಎದುರಾದರೆ ಗಿಟ್ ಎಸ್‌ವಿಎನ್ ಅಲ್ಲೇ ನಿಂತುಬಿಡುತ್ತದೆ. ಅದು ಒಳ್ಳೆಯದೇ. ಹೆಸರೇ ಇಲ್ಲದ ರಿವಿಷನ್‌ಗಳಿಗೂ ಒಂದು ಸಾಲು ಬರೆಯಬೇಕು ಅನ್ನೋದು ಮರೆಯಬೇಡಿ. ಸಿವಿಎಸ್ ಕಾಲದ ರಿವಿಷನ್‌ಗಳಲ್ಲಿ ಇವು ಇರೋದುಂಟು.

ನಾನು ಮಾಡಿದ ತಪ್ಪು ಬೇರೆ. ಪಟ್ಟಿಯಲ್ಲಿ 'ಆರ್‌ಕೆ' ಅಂತ ಒಂದು ಲಾಗಿನ್ ಇತ್ತು. ತಂಡದಲ್ಲಿ ಆ ಲಾಗಿನ್ ಇರುವವರು ಎದುರಿಗೇ ಕೂತಿದ್ದರು. ಅವರ ಹೆಸರು ಬರೆದೆ, ಮುಂದಕ್ಕೆ ಹೋದೆ. ವಲಸೆ ಮುಗಿದು ಮೂರು ತಿಂಗಳಾದ ಮೇಲೆ ಅವರೇ ಬಂದು ಕೇಳಿದರು: 'ನಾನು ಕೆಲಸಕ್ಕೆ ಸೇರುವ ನಾಲ್ಕು ವರ್ಷ ಮುಂಚೆಯೇ ನನ್ನ ಹೆಸರಲ್ಲಿ ಆರುನೂರು ಕಮಿಟ್ ಇದೆಯಲ್ಲ, ಹೇಗೆ?' ಹಿಂದೆ ಇನ್ನೊಬ್ಬರು ಅದೇ ಲಾಗಿನ್ ಇಟ್ಟುಕೊಂಡಿದ್ದರು. ಅವರು ಕೆಲಸ ಬಿಟ್ಟ ಮೇಲೆ ಅದೇ ಅಕೌಂಟ್ ಇವರಿಗೆ ಬಂದಿತ್ತು. ಒಬ್ಬರ ನಾಲ್ಕು ವರ್ಷದ ದುಡಿಮೆ ಇನ್ನೊಬ್ಬರ ಹೆಸರಿಗೆ ಹೋಗಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು. ಅಷ್ಟು ಹೊತ್ತಿಗೆ ಎಲ್ಲರೂ ಆ ರಿಪೊ ಮೇಲೆ ಕೆಲಸ ಮಾಡುತ್ತಿದ್ದರು. ಹಿಸ್ಟರಿ ಬದಲಾಯಿಸೋ ಹಾಗಿರಲಿಲ್ಲ. ಮೇಲ್‌ಮ್ಯಾಪ್ ಫೈಲ್‌ನಿಂದ ಹೆಸರು ತಿದ್ದಬಹುದು, ನಿಜ. ಆದರೆ ಅದು ಹೆಸರು ಮತ್ತು ಇಮೇಲ್ ಮಾತ್ರ ನೋಡುತ್ತದೆ, ತಾರೀಖು ನೋಡೋದಿಲ್ಲ. ಎರಡು ಜನರನ್ನು ಬೇರೆ ಮಾಡೋಕೆ ಅದರಿಂದ ಆಗೋದಿಲ್ಲ.

ಹಾಗಾಗಿ ಪ್ರತಿ ಲಾಗಿನ್‌ಗೂ ಮೊದಲ ಕಮಿಟ್ ಯಾವಾಗ, ಕೊನೆಯದು ಯಾವಾಗ ಅಂತ ಬರೆದುಕೊಳ್ಳಿ. ಮಧ್ಯೆ ವರ್ಷಗಟ್ಟಲೆ ಖಾಲಿ ಇದ್ದರೆ ಅನುಮಾನ ಪಡಿ. ಹಳಬರನ್ನು ಕೇಳಿ. ಎರಡು ಜನ ಅಂತ ಗೊತ್ತಾದರೆ ವಲಸೆಯ ಹಂತದಲ್ಲೇ ಹಿಸ್ಟರಿ ತಿದ್ದಿ ಬರೆಯೋ ಗಿಟ್ ಫಿಲ್ಟರ್-ರೆಪೊ ಅನ್ನೋ ಟೂಲ್‌ನ ಕಮಿಟ್ ಕಾಲ್‌ಬ್ಯಾಕ್‌ನಲ್ಲಿ ನಾಲ್ಕು ಸಾಲು ಪೈಥಾನ್ ಬರೆದು, ಇಂಥ ತಾರೀಖಿಗಿಂತ ಮುಂಚೆ ಇದ್ದರೆ ಇವರ ಹೆಸರು ಅಂತ ಹೇಳಬಹುದು. ಬಿಲ್ಡ್ ಮೆಷಿನ್ ಮಾಡಿದ ಕಮಿಟ್‌ಗಳಿಗೆ ಮನುಷ್ಯರ ಹೆಸರು ಕೊಡಬೇಡಿ, ಬಿಲ್ಡ್ ಅಂತಲೇ ಇರಲಿ. ಕೆಲಸ ಬಿಟ್ಟು ಹೋದವರ ಹೆಸರನ್ನು 'ಹಳೇ ಉದ್ಯೋಗಿ' ಅಂತ ಅಳಿಸಬೇಡಿ.

ಇಷ್ಟೆಲ್ಲ ವಲಸೆಗೆ ಮುಂಚೆಯೇ ಯಾಕೆ ಮುಗಿಸಬೇಕು ಅಂದರೆ ಅದಕ್ಕೆ ಗಿಟ್‌ನ ಒಳರಚನೆಯೇ ಕಾರಣ. ಪ್ರತಿ ಕಮಿಟ್‌ಗೆ 40 ಅಕ್ಷರದ ಹ್ಯಾಶ್ ಇರುತ್ತದಲ್ಲ, ಅದು ಕೋಡ್, ಹೆಸರು, ತಾರೀಖು, ಮೆಸೇಜ್ ಮತ್ತು ತಾಯಿ ಕಮಿಟ್‌ನ ಹ್ಯಾಶ್ ಎಲ್ಲ ಸೇರಿ ಹುಟ್ಟಿದ್ದು. 2004ರ ಒಂದು ಮೆಸೇಜ್‌ನಲ್ಲಿ ಒಂದು ಅಕ್ಷರ ತಿದ್ದಿದರೂ ಅಲ್ಲಿಂದ ಇವತ್ತಿನವರೆಗಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ. ಪಬ್ಲಿಶ್ ಮಾಡುವ ಮುಂಚೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಆಮೇಲೆ ಮಾಡಿದರೆ ಎಂಟೂ ಜನ ಮತ್ತೆ ಕ್ಲೋನ್ ಮಾಡಬೇಕು. ಅದರ ಮೇಲೆ ಹಳೇ ಕ್ಲೋನ್‌ನಿಂದ ಯಾರೋ ಒಬ್ಬರು ಮರೆತು ಮರ್ಜ್ ಮಾಡಿದರೆ ಅಳಿಸಿದ್ದೆಲ್ಲ ವಾಪಸ್ ಬರುತ್ತದೆ.

ಹಳೇ ರಿವಿಷನ್ ನಂಬರ್‌ಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ನಿಮ್ಮ ಬಗ್ ಟ್ರ್ಯಾಕರ್‌ನಲ್ಲಿ, ಇಮೇಲ್‌ಗಳಲ್ಲಿ, ಕೋಡ್‌ನ ಕಾಮೆಂಟ್‌ಗಳಲ್ಲಿ 'ಆರ್4512ರಲ್ಲಿ ಸರಿ ಮಾಡಿದೆ' ಅಂತ ಎಷ್ಟು ಕಡೆ ಇದೆಯೋ ಏನೋ. ಗಿಟ್ ಎಸ್‌ವಿಎನ್ ತಾನಾಗಿಯೇ ಪ್ರತಿ ಮೆಸೇಜ್‌ನ ಕೊನೆಗೆ ಒಂದು ಉದ್ದ ಸಾಲು ಸೇರಿಸುತ್ತದೆ. ಅದರಲ್ಲಿ ಹಳೇ ಸರ್ವರ್‌ನ ವಿಳಾಸ, ರಿವಿಷನ್ ನಂಬರ್, ಆಮೇಲೆ ರಿಪೊದ ಒಂದು ಉದ್ದನೆ ಐಡಿ ಇರುತ್ತದೆ. ಇದು ಗಲೀಜು ಅಂತ ಬಹಳ ಜನ ನೋ-ಮೆಟಾಡೇಟಾ ಆಯ್ಕೆ ಕೊಟ್ಟು ಇಲ್ಲದ ಹಾಗೆ ಮಾಡುತ್ತಾರೆ. ಹಾಗೆ ಮಾಡಬೇಡಿ ಅಂತ ಗಿಟ್‌ನ ದಾಖಲೆಯೇ ಹೇಳುತ್ತದೆ. ಹಳೇ ನಂಬರ್ ಹಿಡಿದು ಹುಡುಕೋ ದಾರಿಯೇ ಮುಚ್ಚಿಹೋಗುತ್ತದೆ. ನಾನು ಮಾಡೋದು ಹೀಗೆ: ಮೊದಲು ಆ ಸಾಲಿನ ಸಮೇತ ತರುತ್ತೇನೆ. ಆಮೇಲೆ ಫಿಲ್ಟರ್-ರೆಪೊದ ಮೆಸೇಜ್ ಕಾಲ್‌ಬ್ಯಾಕ್‌ನಿಂದ ಅದನ್ನು 'ಎಸ್‌ವಿಎನ್-ರಿವಿಷನ್: 4512' ಅಂತ ಚಿಕ್ಕದು ಮಾಡುತ್ತೇನೆ. ಕಂಪೈಲರ್ ಟೂಲ್‌ಗಳ ಎಲ್‌ಎಲ್‌ವಿಎಂ ಯೋಜನೆ 2019ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್‌ಗೆ ಬಂತು. ಅವರ ಹಳೇ ಕಮಿಟ್‌ಗಳ ಕೊನೆಯಲ್ಲೂ 'ಎಲ್‌ಎಲ್‌ವಿಎಂ-ಎಸ್‌ವಿಎನ್' ಅಂತ ಬರೆದು ಹಳೇ ನಂಬರ್ ಇಟ್ಟಿದ್ದಾರೆ. ಗಿಟ್ ಲಾಗ್‌ಗೆ ಗ್ರೆಪ್ ಆಯ್ಕೆ ಕೊಟ್ಟು ನಂಬರ್ ಹಾಕಿದರೆ ಸಾಕು, ಕಮಿಟ್ ಸಿಗುತ್ತದೆ.

ಯಾವ ಟೂಲ್ ಅಂತ ನೋಡಿದರೆ, ನಿಮ್ಮ ರಿಪೊದಲ್ಲಿ ಮೊದಲಿಂದಲೂ ಟ್ರಂಕ್, ಬ್ರಾಂಚಸ್, ಟ್ಯಾಗ್ಸ್ ಅನ್ನೋ ಮಾಮೂಲಿ ಜೋಡಣೆಯೇ ಇದ್ದರೆ ಗಿಟ್ ಎಸ್‌ವಿಎನ್ ಸಾಕು. ಮಧ್ಯದಲ್ಲಿ ಯಾರಾದರೂ ಟ್ರಂಕ್ ಅನ್ನು ಬೇರೆ ಕಡೆ ಸರಿಸಿದ್ದರೆ, ಇಲ್ಲವೇ ಬ್ರಾಂಚ್‌ಗಳನ್ನು ಕಂಡಕಂಡಲ್ಲಿ ಮಾಡಿದ್ದರೆ ಕಷ್ಟ. ಆಗ ಕೆಡಿಇ ತಂಡದ ಎಸ್‌ವಿಎನ್‌ಟುಗಿಟ್ ನೋಡಿ. ಯಾವ ರಿವಿಷನ್‌ನಿಂದ ಯಾವ ರಿವಿಷನ್‌ವರೆಗೆ ಯಾವ ಪಾತ್ ಯಾವ ಬ್ರಾಂಚ್‌ಗೆ ಸೇರಿದ್ದು ಅಂತ ಅದರಲ್ಲಿ ರೂಲ್ಸ್ ಬರೆಯಬಹುದು. ಇದೇ ಹೆಸರಿನ ರೂಬಿ ಟೂಲ್ ಒಂದಿದೆ, ಅದು ಬೇರೆ, ಒಳಗೆ ಗಿಟ್ ಎಸ್‌ವಿಎನ್ ಅನ್ನೇ ಬಳಸುತ್ತದೆ. ತೀರಾ ಸಿಕ್ಕುಸಿಕ್ಕಾದ ಹಿಸ್ಟರಿಗೆ ಎರಿಕ್ ರೇಮಂಡ್ ಬರೆದ ರಿಪೊಸರ್ಜನ್ ಇದೆ. ಎರಡೂವರೆ ಲಕ್ಷಕ್ಕೂ ಜಾಸ್ತಿ ರಿವಿಷನ್ ಇದ್ದ ಜಿಸಿಸಿ ಕಂಪೈಲರ್ 2020ರ ಜನವರಿಯಲ್ಲಿ ಗಿಟ್‌ಗೆ ಬಂದದ್ದು ಅದರಿಂದಲೇ. ನಿಮಗೆ ಅಷ್ಟು ದೊಡ್ಡ ಅಸ್ತ್ರ ಬೇಕಾಗಲಿಕ್ಕಿಲ್ಲ. ಯಾವುದೇ ಆಗಲಿ, ಲಿನಕ್ಸ್ ಮೇಲೆ ಓಡಿಸಿ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಒಂದೇ ಅನ್ನೋ ಫೈಲ್ ಸಿಸ್ಟಂ ಮೇಲೆ ಹಳೇ ಫೈಲ್‌ಗಳು ಒಂದರ ಮೇಲೊಂದು ಕೂರುವ ಅಪಾಯ ಇದೆ.

ಮರ್ಜ್‌ಗಳ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಸಬ್‌ವರ್ಷನ್ ಮರ್ಜ್‌ಗಳನ್ನು ನೆನಪಿಡೋಕೆ ಶುರು ಮಾಡಿದ್ದು 1.5 ಆವೃತ್ತಿಯಿಂದ, ಅಂದರೆ 2008ರಿಂದ. ಅದಕ್ಕಿಂತ ಹಿಂದಿನ ಮರ್ಜ್‌ಗಳು ಗಿಟ್‌ನಲ್ಲಿ ಮಾಮೂಲಿ ದೊಡ್ಡ ಕಮಿಟ್‌ಗಳಾಗಿ ಬರುತ್ತವೆ. ಎಲ್ಲವನ್ನೂ ಸರಿಪಡಿಸ್ತೀನಿ ಅಂತ ಕೂತರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಮುಖ್ಯವಾದ ನಾಲ್ಕೈದು ಮರ್ಜ್ ಇದ್ದರೆ ಗಿಟ್ ರಿಪ್ಲೇಸ್‌ನ ಗ್ರಾಫ್ಟ್ ಆಯ್ಕೆಯಿಂದ ಎರಡನೇ ತಾಯಿ ಕಮಿಟ್ ಜೋಡಿಸಿ, ಫಿಲ್ಟರ್-ರೆಪೊ ಓಡಿಸಿ ಗಟ್ಟಿ ಮಾಡಿ. ಉಳಿದದ್ದು ಬಿಡಿ.

ದೊಡ್ಡ ಫೈಲ್‌ಗಳನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ನೋಡಿ. ಸಬ್‌ವರ್ಷನ್‌ನಲ್ಲಿ ಚೆಕ್‌ಔಟ್ ಮಾಡಿದರೆ ಬರೋದು ಕೊನೆಯ ರೂಪ ಮಾತ್ರ. ಹಾಗಾಗಿ ಯಾರೋ 2012ರಲ್ಲಿ ಡೇಟಾಬೇಸ್ ಡಂಪ್ ಹಾಕಿ ಮರುದಿನ ಅಳಿಸಿದ್ದರೂ ಯಾರಿಗೂ ಗೊತ್ತಾಗಿರೋದಿಲ್ಲ. ಗಿಟ್‌ನಲ್ಲಿ ಪ್ರತಿ ಕ್ಲೋನ್‌ಗೂ ಆ ಡಂಪ್ ಬರುತ್ತದೆ. ಗಿಟ್‌ಹಬ್‌ನಂಥ ಕಡೆ 100 ಎಂಬಿಗಿಂತ ದೊಡ್ಡ ಫೈಲ್ ಹಳೇ ಹಿಸ್ಟರಿಯಲ್ಲಿದ್ದರೂ ಪುಶ್ ಆಗೋದಿಲ್ಲ. ಫಿಲ್ಟರ್-ರೆಪೊಗೆ ಅನಲೈಸ್ ಆಯ್ಕೆ ಕೊಟ್ಟರೆ ಯಾವ ಫೈಲ್ ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ಕೊಡುತ್ತದೆ. ಡಂಪ್, ಜಿಪ್, ಬಿಲ್ಡ್ ಆದ ಇನ್‌ಸ್ಟಾಲರ್ ಇವನ್ನು ತೆಗೆಯಿರಿ. ಆದರೆ ಹಳೇ ಬಿಡುಗಡೆ ಬಿಲ್ಡ್ ಆಗೋಕೆ ಬೇಕಾದ ಲೈಬ್ರರಿ ಫೈಲ್ ಆಗಿದ್ದರೆ ತೆಗೆಯುವ ಮುಂಚೆ ಯೋಚಿಸಿ, ಆ ಟ್ಯಾಗ್ ಮತ್ತೆ ಬಿಲ್ಡ್ ಆಗೋದಿಲ್ಲ. ಅಂಥವನ್ನು ಗಿಟ್ ಎಲ್‌ಎಫ್‌ಎಸ್‌ಗೆ (ದೊಡ್ಡ ಫೈಲ್‌ಗಳನ್ನು ಬೇರೆ ಕಡೆ ಇಡುವ ಸೌಲಭ್ಯ) ಸರಿಸಬಹುದು. ಪಾಸ್‌ವರ್ಡ್‌ಗಳು ಕಂಡರೆ ತೆಗೆಯಿರಿ, ಜೊತೆಗೆ ಆ ಪಾಸ್‌ವರ್ಡನ್ನೂ ಬದಲಾಯಿಸಿ. ಇಷ್ಟು ವರ್ಷ ಎಲ್ಲರ ಕಣ್ಣಿಗೂ ಬಿದ್ದಿದೆ ಅದು.

ವಲಸೆ ಜೊತೆಗೇ ಕೋಡ್ ಫಾರ್ಮ್ಯಾಟ್ ಕೂಡ ಮಾಡಿಬಿಡೋಣ, ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಹಳೇ ಹಿಸ್ಟರಿಯೊಳಗೆ ಕೈ ಹಾಕಿ ಮಾಡಬೇಡಿ. ಎಲ್ಲ ಮುಗಿದ ಮೇಲೆ ಪ್ರತ್ಯೇಕ ಕಮಿಟ್ ಆಗಿ ಮಾಡಿ. ಗಿಟ್ 2.23ರಿಂದ, ಅಂದರೆ 2019ರಿಂದ, ಬ್ಲೇಮ್‌ಗೆ 'ಈ ಕಮಿಟ್ ಬಿಟ್ಟು ನೋಡು' ಅಂತ ಹೇಳೋ ಸೌಲಭ್ಯ ಇದೆ. ಆ ಕಮಿಟ್‌ನ ಹ್ಯಾಶ್ ಅನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟು ಸೆಟ್ಟಿಂಗ್‌ನಲ್ಲಿ ತೋರಿಸಿದರೆ ಬ್ಲೇಮ್ ಅದನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಫೈಲ್ ಹೆಸರು ಬದಲಾಯಿಸೋದೂ ಹಾಗೆಯೇ. ಹೆಸರು ಬದಲಾದದ್ದನ್ನು ಗಿಟ್ ದಾಖಲಿಸೋದಿಲ್ಲ, ಎರಡು ಫೈಲ್ ಹೋಲಿಸಿ ಊಹಿಸುತ್ತದೆ. ಮಾಮೂಲಾಗಿ ಅರ್ಧದಷ್ಟಾದರೂ ಹೋಲಿಕೆ ಇರಬೇಕು. ಹೆಸರು ಬದಲಾವಣೆ ಒಂದು ಕಮಿಟ್, ಒಳಗಿನ ತಿದ್ದುಪಡಿ ಇನ್ನೊಂದು ಕಮಿಟ್ ಅಂತ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಕೆಟ್ಟ ಮೆಸೇಜ್‌ಗಳನ್ನು ತಿದ್ದಿ ಬರೆಯೋಣವೇ ಅಂತ ನಿಮಗೆ ಅನ್ನಿಸಬಹುದು. 2009ರಲ್ಲಿ ಯಾರೋ ಏನು ಯೋಚಿಸಿ ಕಮಿಟ್ ಮಾಡಿದರು ಅಂತ ಇವತ್ತು ಊಹಿಸಿ ಬರೆದರೆ, ಮುಂದೆ ಓದುವವರು ಅದನ್ನು ಅವರದೇ ಮಾತು ಅಂತ ನಂಬುತ್ತಾರೆ. ಖಾಲಿ ಮೆಸೇಜ್ ಕನಿಷ್ಠ ಪಕ್ಷ ಸುಳ್ಳು ಹೇಳೋದಿಲ್ಲ. ಮೊದಲ ಸಾಲಿನ ನಂತರ ಒಂದು ಖಾಲಿ ಸಾಲು ಬಿಡೋದು, ಹಾಳಾದ ಅಕ್ಷರಗಳ ಎನ್‌ಕೋಡಿಂಗ್ ಸರಿಪಡಿಸೋದು, ಇಷ್ಟು ಮಾಡಿ. ಒಂದು ಕಮಿಟ್ ಬಗ್ಗೆ ನಿಜವಾಗಿಯೂ ಗೊತ್ತಿರುವವರು ತಂಡದಲ್ಲಿ ಇದ್ದರೆ ಗಿಟ್ ನೋಟ್ಸ್‌ನಲ್ಲಿ (ಕಮಿಟ್‌ಗೆ ಅಂಟಿಸೋ ಟಿಪ್ಪಣಿ) ಬರೆಯಲಿ. ಹ್ಯಾಶ್ ಬದಲಾಗೋದಿಲ್ಲ, ಯಾರು ಯಾವಾಗ ಬರೆದರು ಅಂತಲೂ ಗೊತ್ತಾಗುತ್ತದೆ. ನೋಟ್ಸ್ ತಾನಾಗಿ ಪುಶ್ ಆಗೋದಿಲ್ಲ, ಬೇರೆಯಾಗಿ ಕಳಿಸಬೇಕು, ಅಷ್ಟು ನೆನಪಿರಲಿ.

ಈ ಎಲ್ಲ ಹೆಜ್ಜೆಗಳನ್ನೂ ಒಂದು ಸ್ಕ್ರಿಪ್ಟ್‌ನಲ್ಲಿ ಬರೆಯಿರಿ. ಕೈಯಿಂದ ಒಂದು ಕಮಾಂಡ್ ಕೂಡ ಬೇಡ. ಎಸ್‌ವಿಎನ್‌ಸಿಂಕ್ ಬಳಸಿ ಹಳೇ ರಿಪೊದ ಪೂರ್ತಿ ನಕಲನ್ನು ನಿಮ್ಮ ಮೆಷಿನ್‌ಗೆ ತಂದುಕೊಂಡರೆ ನೆಟ್‌ವರ್ಕ್ ಮೇಲೆ 18,000 ಸಲ ಓಡಾಡೋದು ತಪ್ಪುತ್ತದೆ. ಆ ನಕಲಿನಿಂದ ಮೊದಲಿಂದ ಕೊನೆವರೆಗೆ ಸ್ಕ್ರಿಪ್ಟ್ ಓಡಿಸಿ, ಫಲಿತಾಂಶ ನೋಡಿ, ಸ್ಕ್ರಿಪ್ಟ್ ತಿದ್ದಿ, ಹಳೆಯದನ್ನು ಅಳಿಸಿ ಮತ್ತೆ ಓಡಿಸಿ. ಐದಾರು ಸುತ್ತು ಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಟ್ಯಾಗ್‌ಗೆ ಎಸ್‌ವಿಎನ್ ಎಕ್ಸ್‌ಪೋರ್ಟ್ ಒಂದು ಡೈರೆಕ್ಟರಿಗೆ, ಗಿಟ್ ಆರ್ಕೈವ್ ಇನ್ನೊಂದಕ್ಕೆ ತೆಗೆದು ಎರಡನ್ನೂ ಡಿಫ್ ಮಾಡಿಸಿ. ಖಾಲಿ ಡೈರೆಕ್ಟರಿಗಳು, ಕೀವರ್ಡ್ ಜಾಗದಲ್ಲಿ ಎಸ್‌ವಿಎನ್ ತಾನೇ ತುಂಬಿದ ತಾರೀಖು-ಹೆಸರುಗಳು, ನೀವೇ ಬೇಕೆಂದು ತೆಗೆದ ಫೈಲ್‌ಗಳು, ಇಷ್ಟು ಬಿಟ್ಟು ಒಂದು ಬೈಟ್ ವ್ಯತ್ಯಾಸ ಬಂದರೂ ಕಾರಣ ಸಿಗೋವರೆಗೆ ಮುಂದಕ್ಕೆ ಹೋಗಬೇಡಿ. ಟ್ರಂಕ್‌ನ ಮಧ್ಯದಿಂದಲೂ ಒಂದಿಪ್ಪತ್ತು ರಿವಿಷನ್ ಆರಿಸಿ ಹೀಗೇ ನೋಡಿ.

ಕೊನೇ ದಿನ ಕೆಲಸ ಚಿಕ್ಕದು. ಹಳೇ ಸರ್ವರ್‌ನಲ್ಲಿ ಎಲ್ಲ ಕಮಿಟ್‌ಗಳನ್ನೂ ತಿರಸ್ಕರಿಸುವ ಪ್ರಿ-ಕಮಿಟ್ ಹುಕ್ ಹಾಕಿ. ಅದರ ಮೆಸೇಜ್‌ನಲ್ಲಿ ಹೊಸ ರಿಪೊದ ವಿಳಾಸ ಇರಲಿ. ಕೊನೆಯ ಸಲ ಸಿಂಕ್ ಮಾಡಿ, ಸ್ಕ್ರಿಪ್ಟ್ ಓಡಿಸಿ, ಹೋಲಿಕೆ ನೋಡಿ, ಪುಶ್ ಮಾಡಿ. ಎಸ್‌ವಿಎನ್‌ಅಡ್ಮಿನ್ ಡಂಪ್ ತೆಗೆದು ಎರಡು ಕಡೆ ಇಡಿ, ವಲಸೆ ಸ್ಕ್ರಿಪ್ಟ್ ಮತ್ತು ಆಥರ್ಸ್ ಫೈಲ್ ಅನ್ನೂ ಅದರ ಜೊತೆಗೇ ಇಡಿ. ಹಳೇ ಸರ್ವರ್ ಓದೋಕೆ ಮಾತ್ರ ಅಂತ ಒಂದು ವರ್ಷ ಆದರೂ ಓಡುತ್ತಿರಲಿ. ನಿಮ್ಮಲ್ಲಿ ಎಕ್ಸ್‌ಟರ್ನಲ್ಸ್ (ಬೇರೆ ಕಡೆಯಿಂದ ಎಳೆದು ತರುವ ಕೋಡ್) ಬಳಸಿದ್ದರೆ ಅವುಗಳ ಹಳೇ ಸ್ಥಿತಿ ಗಿಟ್‌ಗೆ ಬಂದಿರೋದಿಲ್ಲ. ಆ ಪ್ರಶ್ನೆ ಯಾರಾದರೂ ಕೇಳಿದಾಗ ಉತ್ತರ ಅಲ್ಲೇ ಹುಡುಕಬೇಕು.